ಬಿಎಸ್ಸಿ ಕೆಮಿಸ್ಟ್ರಿ ಲ್ಯಾಬಿಗೆ ಸೆಮ್ ತರಿಸಬೇಕಾ?

ಪ್ರಶ್ನೆ: ನಾನು ತಾಲ್ಲೂಕು ಮಟ್ಟದ ಪದವಿ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಸಿಲಬಸ್‌ನಲ್ಲಿ ನ್ಯಾನೋ ಕಣ, ಸೆಮ್, ಟೆಮ್ (ಎಲೆಕ್ಟ್ರಾನ್‌ಗಳಿಂದ ನೋಡುವ ಮೈಕ್ರೋಸ್ಕೋಪುಗಳು), ಎಎಫ್‌ಎಂ (ಸಣ್ಣ ತುದಿಯಿಂದ ಮೇಲ್ಮೈ ಸವರಿ ನೋಡುವ ಮೈಕ್ರೋಸ್ಕೋಪು) ಎಲ್ಲ ಇದೆ. ಆದರೆ ಪ್ರಾಕ್ಟಿಕಲ್‌ನಲ್ಲಿ ಮಕ್ಕಳು ಮಾಡುವುದು ಟೈಟ್ರೇಶನ್, ಸಾಲ್ಟ್ ಅನಾಲಿಸಿಸ್, ಮೆಲ್ಟಿಂಗ್ ಪಾಯಿಂಟ್ ಅಷ್ಟೇ. ಅನುದಾನ ಬರುವ ಸೂಚನೆ ಇದೆ, ಟೇಬಲ್ ಮೇಲೆ ಇಡುವಂಥ ಸಣ್ಣ ಸೆಮ್ ತರಿಸೋಣ ಎಂದು ಪ್ರಿನ್ಸಿಪಾಲರು ಹೇಳುತ್ತಿದ್ದಾರೆ. ಒಂದು ಬ್ಯಾಚ್‌ನಲ್ಲಿ 20 ಮಕ್ಕಳಿರುತ್ತಾರೆ. ಇದರಿಂದ ನಿಜವಾಗಿ ಕಲಿಕೆ ಆಗುತ್ತದಾ? ಎಲ್ಲಿಂದ ಶುರು ಮಾಡಬೇಕು? ಅಂಕ ಹೇಗೆ ಕೊಡಬೇಕು?

ಉತ್ತರ:

ನಮಸ್ಕಾರ ಮೇಡಂ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈಗಲೇ ಸೆಮ್ ತರಿಸಬೇಡಿ. ಹಾಗಂತ ಮೈಕ್ರೋಸ್ಕೋಪಿಯನ್ನು ಕೈಬಿಡಲೂ ಬೇಡಿ. ಈ ಸೆಮಿಸ್ಟರ್‌ನಲ್ಲೇ, ನಿಮ್ಮ ಬಾಟನಿ ವಿಭಾಗದವರ ಹತ್ತಿರ ಇರುವ ಮೈಕ್ರೋಸ್ಕೋಪಿನಿಂದಲೇ ಶುರು ಮಾಡಬಹುದು.

ಸೆಮ್ ಬೇಡ ಅಂದಿದ್ದಕ್ಕೆ ಕಾರಣ ಇದೆ. ನಾನು ಒಂದು ಕಾಲೇಜಿಗೆ ಹೋಗಿದ್ದಾಗ ಅಲ್ಲಿನ ಸೆಮ್ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದರು. ಬಾಗಿಲಿಗೆ ಬೀಗ. ಮಕ್ಕಳು ಅದನ್ನು ಕಿಟಕಿಯಿಂದ ನೋಡಿದ್ದರಂತೆ. ಸಣ್ಣ ಸೆಮ್‌ಗಳಲ್ಲಿ ಸಾಮಾನ್ಯವಾಗಿ ಟಂಗ್‌ಸ್ಟನ್ ಫಿಲಮೆಂಟ್ ಇರುತ್ತದೆ, ನೂರು ಗಂಟೆ ಆಸುಪಾಸಿಗೆ ಅದು ಸುಟ್ಟುಹೋಗುತ್ತದೆ, ಹೊಸದು ಹಾಕಬೇಕು. ವ್ಯಾಕ್ಯೂಮ್ ಪಂಪಿಗೆ ಕರೆಂಟು ಕೈಕೊಡಬಾರದು. ಎಸಿ ಬೇಕು, ಯುಪಿಎಸ್ ಬೇಕು, ವರ್ಷಾವರ್ಷ ಎಎಂಸಿ (ನಿರ್ವಹಣೆಯ ಒಪ್ಪಂದದ ಹಣ) ಕಟ್ಟಬೇಕು. ಅನುದಾನ ಬರುವುದು ಉಪಕರಣಕ್ಕೆ, ಎಎಂಸಿಗೆ ಸಾಮಾನ್ಯವಾಗಿ ಬರುವುದಿಲ್ಲ. ಎರಡನೇ ವರ್ಷಕ್ಕೆ ಏನೋ ಕೆಡುತ್ತದೆ, ರಿಪೇರಿಗೆ ದುಡ್ಡಿಲ್ಲ, ಅಲ್ಲಿಗೆ ಮುಗಿಯಿತು. ಕೆಡದೇ ಇದ್ದರೂ 'ಮಕ್ಕಳು ಮುಟ್ಟಿದರೆ ಹಾಳಾಗುತ್ತೆ' ಅನ್ನುವ ಭಯ ಇದ್ದೇ ಇರುತ್ತದೆ. ಮುಟ್ಟಲು ಬಿಡದ ಉಪಕರಣದಿಂದ ಮಕ್ಕಳು ಏನು ಕಲಿಯುತ್ತಾರೆ ಹೇಳಿ.

ಇಷ್ಟು ವರ್ಷ ಮಕ್ಕಳ ಜೊತೆ ಕೆಲಸ ಮಾಡಿ ನನಗೆ ಗಟ್ಟಿಯಾದ ಮಾತು ಒಂದೇ. ಸ್ಯಾಂಪಲ್ ಅನ್ನು ಅವರೇ ಮಾಡಿರಬೇಕು, ಅಳತೆಯನ್ನು ಅವರೇ ತೆಗೆಯಬೇಕು. ಇವೆರಡೂ ಇದ್ದರೆ ಎರಡು ಸಾವಿರದ ಮೈಕ್ರೋಸ್ಕೋಪಿನಲ್ಲೂ ಕೆಮಿಸ್ಟ್ರಿ ಸಿಗುತ್ತದೆ. ಇವೆರಡೂ ಇಲ್ಲದಿದ್ದರೆ ಎರಡು ಕೋಟಿಯದರಲ್ಲೂ ಸಿಗುವುದು ಬರೀ ಫೋಟೊ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಪಿಎಚ್‌ಡಿ ಮಾಡುವಾಗ ಒಂದು ದಿನ ನನ್ನ ಸ್ಯಾಂಪಲ್‌ನ ಸೆಮ್ ಚಿತ್ರ ಬಂತು. ಅಚ್ಚುಕಟ್ಟಾದ ಘನಾಕೃತಿಗಳು, ಒಂದೊಂದರ ಅಂಚೂ ಚೂಪು. ನಾನು ಮಾಡಿದ ಕಣಗಳೇ ಇಷ್ಟು ಚೆನ್ನಾಗಿ ಬಂದಿವೆ ಅಂತ ಎರಡು ದಿನ ನಿದ್ದೆ ಬರಲಿಲ್ಲ. ಆಮೇಲೆ ಅದೇ ಜಾಗದಲ್ಲಿ ಎಕ್ಸ್‌ರೇ ಮೂಲಕ ಯಾವ ಧಾತು ಇದೆ ಅಂತ ನೋಡಿದರೆ ಸೋಡಿಯಂ, ಕ್ಲೋರಿನ್. ಅಡುಗೆ ಉಪ್ಪು! ಸರಿಯಾಗಿ ತೊಳೆಯದ ಸ್ಯಾಂಪಲ್ ಒಣಗುವಾಗ ಅದರೊಳಗಿದ್ದ ಉಪ್ಪು ಹರಳುಗಟ್ಟಿತ್ತು. ಆ ಚಿತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಅದು ತೋರಿಸಿದ್ದನ್ನು ನಾನು ತಪ್ಪಾಗಿ ಓದಿಕೊಂಡಿದ್ದೆ. ಬಿಎಸ್ಸಿಯಲ್ಲಿ ಯಾರಾದರೂ ನನ್ನ ಕೈಯಲ್ಲಿ ಮೈಕ್ರೋಸ್ಕೋಪು ಕೊಟ್ಟು 'ಇದು ನೀನು ಅಂದುಕೊಂಡ ವಸ್ತುವೇ ಅಂತ ಹೇಗೆ ಗೊತ್ತು?' ಎಂದು ಕೇಳಿದ್ದರೆ ಆ ಎರಡು ದಿನ ಉಳಿಯುತ್ತಿತ್ತು.

ಈಗ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಬರೋಣ.

ನನ್ನ ಮೊದಲ ಆಯ್ಕೆ ಬ್ರೌನಿಯನ್ ಚಲನೆ, ಅಂದರೆ ನೀರಿನ ಅಣುಗಳ ಹೊಡೆತಕ್ಕೆ ಸಣ್ಣ ಕಣಗಳು ಅಡ್ಡಾದಿಡ್ಡಿ ನಡುಗುವುದು. ಇದು ಫಿಸಿಕ್ಸ್‌ನವರದ್ದು ಅಂತ ಬಿಟ್ಟುಬಿಡುತ್ತೇವೆ, ಅದು ತಪ್ಪು. ಅಣುಗಳು ನಿಜವಾಗಿ ಇವೆಯಾ ಇಲ್ಲವಾ ಅನ್ನುವ ಜಗಳ ಮುಗಿದದ್ದೇ ಇಂಥದೊಂದು ಪ್ರಯೋಗದಿಂದ. ಐನ್‌ಸ್ಟೈನ್ 1905ರಲ್ಲಿ ಲೆಕ್ಕ ಬರೆದರು. ಪ್ಯಾರಿಸ್‌ನಲ್ಲಿ ಜ್ಯಾಂ ಪೆರ್ರಾಂ 1908ರಿಂದ ಮೈಕ್ರೋಸ್ಕೋಪಿನ ಮುಂದೆ ಕೂತು, ನೀರಿನಲ್ಲಿ ತೇಲುವ ಕಣಗಳನ್ನು ಒಂದೊಂದಾಗಿ ಗುರುತಿಸಿ, ಅದರಿಂದ ಅವೊಗಾಡ್ರೊ ಸಂಖ್ಯೆ (ಒಂದು ಮೋಲ್‌ನಲ್ಲಿ ಎಷ್ಟು ಕಣ ಅನ್ನುವುದು) ತೆಗೆದರು. 1926ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಬಳಸಿದ ಕಣಗಳು ಗ್ಯಾಂಬೋಜ್ ಅನ್ನುವ ಹಳದಿ ಮರದಂಟಿನವು. ನಮ್ಮ ಮಲೆನಾಡಿನ ಮುರುಗಲು, ಉಪ್ಪಾಗೆ ಇವೆಯಲ್ಲ, ಅದೇ ಕುಲದ ಮರದ ಅಂಟು. ತರಗತಿಯಲ್ಲಿ ಇದನ್ನು ಹೇಳಿ, ಮಕ್ಕಳ ಮುಖ ನೋಡಿ.

ಮಾಡುವುದು ಹೀಗೆ. 1 ಮೈಕ್ರಾನ್ ವ್ಯಾಸದ ಪಾಲಿಸ್ಟೈರೀನ್ ಮಣಿಗಳ ದ್ರಾವಣ ರಾಸಾಯನಿಕ ಮಾರುವವರಲ್ಲಿ ಸಿಗುತ್ತದೆ. ಒಂದು ಸಣ್ಣ ಬಾಟಲಿ ವರ್ಷಗಟ್ಟಲೆ ಬರುತ್ತದೆ, ಯಾಕಂದರೆ ಒಂದು ಸಲಕ್ಕೆ ಬೇಕಾಗುವುದು ಒಂದು ಹನಿಗಿಂತ ಕಮ್ಮಿ. ತೆಳುವಾಗಿ ಕಲಸಿ ಸ್ಲೈಡ್ ಮೇಲೆ ಇಟ್ಟು, ಕವರ್‌ಸ್ಲಿಪ್ ಮುಚ್ಚಿ, ನಾಲ್ಕೂ ಅಂಚಿಗೆ ನೇಲ್ ಪಾಲಿಶ್ ಹಚ್ಚಿ. ಇದನ್ನು ಬಿಟ್ಟರೆ ನೀರು ಆವಿಯಾಗುತ್ತಾ ಎಲ್ಲ ಕಣಗಳೂ ಒಂದೇ ಕಡೆಗೆ ಹರಿಯುತ್ತವೆ, ಮಕ್ಕಳು ಆ ಹರಿವನ್ನೇ ಬ್ರೌನಿಯನ್ ಅಂತ ಬರೆದುಕೊಳ್ಳುತ್ತಾರೆ. ಹತ್ತು ನಿಮಿಷ ಹಾಗೇ ಬಿಡಿ. 40ರ ಲೆನ್ಸ್ ಹಾಕಿ, ಐಪೀಸಿಗೆ ಮೊಬೈಲ್ ಕಟ್ಟಿ, ವಿಡಿಯೊ ತೆಗೆಯಿರಿ. ಮೊಬೈಲ್ ಹಿಡಿಯುವ ಕ್ಲಾಂಪ್ ಇಲ್ಲದಿದ್ದರೆ ಬ್ಯುರೆಟ್ ಸ್ಟ್ಯಾಂಡ್ ಸಾಕು.

ಅಳತೆ ಶುರುವಾಗುವುದು ಸ್ಟೇಜ್ ಮೈಕ್ರೋಮೀಟರಿನಿಂದ. ಅದರಲ್ಲಿ 1 ಮಿಲಿಮೀಟರನ್ನು 100 ಭಾಗ ಮಾಡಿ ಗೆರೆ ಎಳೆದಿರುತ್ತಾರೆ, ಗೆರೆಯಿಂದ ಗೆರೆಗೆ 10 ಮೈಕ್ರಾನ್. ಅದನ್ನು ಅದೇ ಲೆನ್ಸಿನಲ್ಲಿ, ಅದೇ ಮೊಬೈಲಿನಲ್ಲಿ, ಅದೇ ಝೂಮ್‌ನಲ್ಲಿ ಫೋಟೊ ತೆಗೆದು ಒಂದು ಮೈಕ್ರಾನಿಗೆ ಎಷ್ಟು ಪಿಕ್ಸೆಲ್ ಎಂದು ಲೆಕ್ಕ ಹಾಕಬೇಕು. ಈ ಒಂದು ಹೆಜ್ಜೆಗೆ ಅರ್ಧ ಗಂಟೆ ಹೋದರೂ ಚಿಂತೆ ಬೇಡ. ಮುಂದೆ ಸೆಮ್ ಚಿತ್ರದ ಕೆಳಗಿನ ಅಳತೆಯ ಬಿಳಿ ಗೆರೆ ಎಲ್ಲಿಂದ ಬಂತು ಎಂಬುದು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಫಿಜಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಒಂದೊಂದು ಕಣದ ಜಾಗವನ್ನು ಸೆಕೆಂಡಿಗೊಮ್ಮೆ ಗುರುತಿಸುವುದು. 25 ಡಿಗ್ರಿ ನೀರಿನಲ್ಲಿ 1 ಮೈಕ್ರಾನ್ ಮಣಿ ಒಂದು ಸೆಕೆಂಡಿನಲ್ಲಿ ಒಂದು ದಿಕ್ಕಿನಲ್ಲಿ ಸರಾಸರಿ ಸುಮಾರು 1 ಮೈಕ್ರಾನ್ ಸರಿಯುತ್ತದೆ. ಸರಾಸರಿ ಎಂದರೆ ಇಲ್ಲಿ ಸರಿದ ದೂರಗಳ ವರ್ಗ ತೆಗೆದು, ಸರಾಸರಿ ಮಾಡಿ, ಮತ್ತೆ ವರ್ಗಮೂಲ ತೆಗೆದದ್ದು. ಹಾಗಾದರೆ 4 ಸೆಕೆಂಡಿಗೆ ಎಷ್ಟು ಅಂತ ಮೊದಲೇ ಕೇಳಿ. ಎಲ್ಲರೂ 4 ಮೈಕ್ರಾನ್ ಅನ್ನುತ್ತಾರೆ. ಅಳೆದರೆ ಬರುವುದು 2. ಅಡ್ಡಾದಿಡ್ಡಿ ನಡಿಗೆಯಲ್ಲಿ ದೂರ ಹೆಚ್ಚುವುದು ಕಾಲದ ವರ್ಗಮೂಲದ ಲೆಕ್ಕದಲ್ಲಿ. ಪುಸ್ತಕದಲ್ಲಿ ಇದನ್ನು ಓದಿದ ಮಕ್ಕಳಿಗೂ, ತಮ್ಮದೇ ಕಣ ಹಾಗೆ ನಡೆದಾಗ ಆಗುವ ಅಚ್ಚರಿ ಬೇರೆ. ಅಲ್ಲಿಂದ ಡಿಫ್ಯೂಶನ್ ಅಂಕಿ (ಕಣ ಎಷ್ಟು ಬೇಗ ಹರಡುತ್ತದೆ ಅನ್ನುವುದು), ಅದರಿಂದ ಐನ್‌ಸ್ಟೈನ್ ಸೂತ್ರದ ಮೂಲಕ ಅವೊಗಾಡ್ರೊ ಸಂಖ್ಯೆ. ಒಬ್ಬರ ಒಂದು ಕಣದಿಂದ ಸರಿಯಾದ ಉತ್ತರ ಬರುವುದಿಲ್ಲ. 20 ಮಕ್ಕಳ ಅಂಕಿಗಳನ್ನು ಬೋರ್ಡ್ ಮೇಲೆ ಒಟ್ಟು ಮಾಡಿದಾಗ ಹತ್ತಿರ ಬರುತ್ತದೆ. ನಿಮ್ಮ ಬ್ಯಾಚ್ ದೊಡ್ಡದು ಅನ್ನುವ ಕೊರಗು ಇಲ್ಲಿ ಲಾಭವೇ ಆಯಿತು ಅಲ್ವಾ.

ಮಣಿ ಬರುವ ತನಕ ಕಾಯಬೇಕಾಗಿಲ್ಲ. ಒಂದು ಲೋಟ ನೀರಿಗೆ ಒಂದು ಹನಿ ಹಾಲು ಹಾಕಿ ನೋಡಿ, ಕೊಬ್ಬಿನ ಗುಳಿಗೆಗಳು ನಡುಗುವುದು ಕಾಣುತ್ತದೆ. ಸಣ್ಣವು ಜಾಸ್ತಿ ನಡುಗುತ್ತವೆ, ದೊಡ್ಡವು ಕಮ್ಮಿ. ಗಾತ್ರ ಒಂದೇ ಅಲ್ಲದ್ದರಿಂದ ಲೆಕ್ಕಕ್ಕೆ ಆಗುವುದಿಲ್ಲ, ಕಣ್ಣಿಗೆ ಆಗುತ್ತದೆ.

ಎರಡನೆಯದು ಪೋಲರೈಸಿಂಗ್ ಮೈಕ್ರೋಸ್ಕೋಪಿ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ ನೋಡುವುದು. ಇದಕ್ಕೆ ಎರಡು ತುಂಡು ಪೋಲರಾಯ್ಡ್ ಹಾಳೆ ಸಾಕು, ಒಂದು ಸ್ಲೈಡಿನ ಕೆಳಗೆ, ಇನ್ನೊಂದು ಮೇಲೆ ಅಡ್ಡ ತಿರುಗಿಸಿ. ನಿಮ್ಮಲ್ಲಿ ಮೆಲ್ಟಿಂಗ್ ಪಾಯಿಂಟ್ ಪ್ರಯೋಗ ಇದ್ದೇ ಇದೆ. ಅದಕ್ಕೇ ಕೊಲೆಸ್ಟೆರಿಲ್ ಬೆಂಜೋಯೇಟ್ ಕೊಡಿ. ಅದಕ್ಕೆ ಎರಡು ಮೆಲ್ಟಿಂಗ್ ಪಾಯಿಂಟ್! 145.5 ಡಿಗ್ರಿಗೆ ಕರಗಿ ಮಬ್ಬು ದ್ರವವಾಗುತ್ತದೆ, 178.5ಕ್ಕೆ ತಿಳಿಯಾಗುತ್ತದೆ. 1888ರಲ್ಲಿ ಇದನ್ನು ಮೊದಲು ಕಂಡು ತಲೆ ಕೆರೆದುಕೊಂಡವರು ರೈನಿಟ್ಸರ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿ. ಅವರು ಅದನ್ನು ಓಟ್ಟೊ ಲೆಹ್ಮನ್ ಎಂಬ ಭೌತವಿಜ್ಞಾನಿಗೆ ಕಳಿಸಿದರು. ಬಿಸಿ ಮಾಡಿಕೊಂಡೇ ನೋಡಬಹುದಾದ ಪೋಲರೈಸಿಂಗ್ ಮೈಕ್ರೋಸ್ಕೋಪು ಲೆಹ್ಮನ್ ಹತ್ತಿರ ಇತ್ತು. ದ್ರವ ಹರಳು (ದ್ರವದಂತೆ ಹರಿದರೂ ಅಣುಗಳು ಹರಳಿನಂತೆ ಒಂದು ಕ್ರಮದಲ್ಲಿರುವ ಸ್ಥಿತಿ) ಅನ್ನುವ ವಿಷಯ ಹುಟ್ಟಿದ್ದು ಹಾಗೆ. ಈ ಕಥೆಯ ಮುಂದಿನ ದೊಡ್ಡ ತಿರುವು ಬೆಂಗಳೂರಿನದು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಜೊತೆಯವರು ತಟ್ಟೆಯಂಥ ಅಣುಗಳೂ ದ್ರವ ಹರಳಾಗುತ್ತವೆ ಎಂದು ತೋರಿಸಿದರು. ಅಲ್ಲಿಯ ತನಕ ಕಡ್ಡಿಯಂಥ ಅಣುಗಳು ಮಾತ್ರ ಹಾಗಾಗುತ್ತವೆ ಎಂದು ನಂಬಿದ್ದರು. ಒಂದು ಎಚ್ಚರಿಕೆ: ಬಿಸಿ ಸ್ಲೈಡನ್ನು ಲೆನ್ಸಿಗೆ ತೀರಾ ಹತ್ತಿರ ತರಬೇಡಿ, 10ರ ಲೆನ್ಸ್ ಮಾತ್ರ ಬಳಸಿ. ಹಾಟ್ ಪ್ಲೇಟ್ ಮೇಲೆ ಕರಗಿಸಿ ತಂದು, ಆರುವಾಗ ನೋಡಿದರೆ ಸಾಕು.

ಈಗ ದೊಡ್ಡ ಉಪಕರಣಗಳಿಗೆ ಬರೋಣ. ಚಿನ್ನದ ನ್ಯಾನೋ ಕಣ ಮಾಡುವುದು ನಿಮಗೆ ಗೊತ್ತೇ ಇರುತ್ತದೆ. 1 ಮಿಲಿಮೋಲಾರ್ ಕ್ಲೋರೋಆರಿಕ್ ಆಸಿಡ್ (ಚಿನ್ನದ ಲವಣ) 20 ಎಂಎಲ್ ಕುದಿಸಿ, 1 ಶೇಕಡ ಟ್ರೈಸೋಡಿಯಂ ಸಿಟ್ರೇಟ್ 2 ಎಂಎಲ್ ಹಾಕಿದರೆ ಹತ್ತು ನಿಮಿಷದಲ್ಲಿ ಮಾಣಿಕ್ಯದ ಕೆಂಪು. ತಿಳಿ ಹಳದಿ ಹೋಗಿ ಬಣ್ಣವೇ ಇಲ್ಲದಂತಾಗಿ, ಆಮೇಲೆ ಬೂದು, ನೇರಳೆ, ಕೊನೆಗೆ ಕೆಂಪು. ಟರ್ಕೆವಿಚ್ 1951ರಲ್ಲಿ ಬರೆದ ವಿಧಾನ ಇದರ ಮೂಲ. ಕಣಗಳು ಸುಮಾರು 13 ನ್ಯಾನೋಮೀಟರ್ ಬರುತ್ತವೆ. ಚಿನ್ನದ ಲವಣವನ್ನು ಸ್ಟೀಲ್ ಚಮಚದಲ್ಲಿ ತೆಗೆಯಬೇಡಿ, ಕೈಗೆ ತಾಗಿದರೆ ನೇರಳೆ ಕಲೆ ವಾರಗಟ್ಟಲೆ ಹೋಗುವುದಿಲ್ಲ. ಫ್ಲಾಸ್ಕ್ ಕೊಳೆಯಾಗಿದ್ದರೆ ಬಣ್ಣವೇ ಕೆಡುತ್ತದೆ. ಅಕ್ವಾ ರೀಜಿಯಾದಲ್ಲಿ (ಚಿನ್ನವನ್ನೂ ಕರಗಿಸುವ ಆಸಿಡ್ ಮಿಶ್ರಣ) ತೊಳೆಯುವ ಕೆಲಸ ನೀವೇ ಮಾಡಿ, ಮಕ್ಕಳಿಗೆ ಕೊಡಬೇಡಿ, ಉಳಿದದ್ದನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಲೇಬೇಡಿ.

ಕೆಂಪು ಬಂತು, ಚಪ್ಪಾಳೆ ತಟ್ಟಿದರು, ರೆಕಾರ್ಡ್ ಬರೆದರು. ಬಹಳ ಕಡೆ ಪ್ರಯೋಗ ಇಲ್ಲಿಗೇ ನಿಲ್ಲುತ್ತದೆ. ನನ್ನ ಪ್ರಕಾರ ಶುರುವಾಗಬೇಕಾದದ್ದು ಇಲ್ಲಿಂದ.

ಟೆಮ್‌ಗೆ ಕಳಿಸುವ ಮೊದಲು ಮಕ್ಕಳಿಂದ ಬರೆಸಿ: ಏನು ಕಾಣಬಹುದು? ಎಷ್ಟು ಗಾತ್ರ? ಎಷ್ಟು ಕಣ ಅಳೆದರೆ ಸಾಕು? ಆಮೇಲೆ ಅವರೇ ಗ್ರಿಡ್ ಮಾಡಲಿ. ಗ್ರಿಡ್ ಅಂದರೆ 3 ಮಿಲಿಮೀಟರ್ ಅಗಲದ ತಾಮ್ರದ ಜಾಲರಿ, ಮೇಲೆ ಕಾರ್ಬನ್ ಪೊರೆ. ಚಿಮಟದಲ್ಲಿ ಅಂಚು ಮಾತ್ರ ಹಿಡಿದು ಎತ್ತಬೇಕು, ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುತ್ತದೆ. ಒಂದು ಹನಿ ಇಟ್ಟು, ಒಂದು ನಿಮಿಷ ಬಿಟ್ಟು, ಫಿಲ್ಟರ್ ಪೇಪರಿನ ಮೂಲೆಯಿಂದ ಅಂಚಿಗೆ ತಾಗಿಸಿ ನೀರು ಹೀರಬೇಕು. ಇನ್ನೊಂದು ಗ್ರಿಡ್ಡಿನಲ್ಲಿ ಹನಿಯನ್ನು ಹಾಗೇ ಒಣಗಲು ಬಿಡಿಸಿ. ಎರಡನ್ನೂ ಕಳಿಸಿ. ಚಿತ್ರ ಬಂದಾಗ ಎರಡಕ್ಕೂ ಅಜಗಜಾಂತರ. ಒಂದರಲ್ಲಿ ಕಣಗಳು ಹರಡಿಕೊಂಡಿರುತ್ತವೆ, ಇನ್ನೊಂದರಲ್ಲಿ ಗುಂಪುಗುಂಪು. ಬಾಟಲಿ ಒಂದೇ, ದ್ರಾವಣ ಒಂದೇ. ಹಾಗಾದರೆ ದ್ರಾವಣದಲ್ಲಿ ಕಣಗಳು ಗುಂಪಾಗಿವೆಯಾ? ಇದಕ್ಕೆ ಉತ್ತರ ಟೆಮ್ ಕೊಡುವುದಿಲ್ಲ, ಬಣ್ಣ ಕೊಡುತ್ತದೆ. ಕೆಂಪಾಗಿಯೇ ಇದ್ದು 520 ನ್ಯಾನೋಮೀಟರ್ ಹತ್ತಿರ ಹೀರಿಕೆ ಇದ್ದರೆ ಬಿಡಿಬಿಡಿಯಾಗಿವೆ. ಒಂದು ಚಿಟಿಕೆ ಉಪ್ಪು ಹಾಕಿ, ನೀಲಿಗೆ ತಿರುಗುತ್ತದೆ, ಅದು ನಿಜವಾದ ಗುಂಪು. ಕಾಫಿ ಚೆಲ್ಲಿ ಒಣಗಿದಾಗ ಅಂಚಿಗೆ ದಟ್ಟ ಉಂಗುರ ನಿಲ್ಲುತ್ತದಲ್ಲ, ಹಾಗಂತ ಲೋಟದ ಕಾಫಿಯಲ್ಲಿ ಉಂಗುರ ಇತ್ತು ಅಂತ ಯಾರೂ ಹೇಳುವುದಿಲ್ಲ. ಗ್ರಿಡ್ ಮೇಲೆ ಆಗಿರುವುದೂ ಅದೇ.

ಅಳತೆಗೆ ಕನಿಷ್ಠ 200 ಕಣ ಅನ್ನುವ ನಿಯಮ ಇಟ್ಟುಕೊಳ್ಳಿ. 20 ಮಕ್ಕಳಿಗೆ ಹಂಚಿದರೆ ತಲೆಗೆ ಹತ್ತು. ಯಾವ ಹತ್ತು ಕಣ ಆರಿಸಬೇಕು ಅನ್ನುವುದನ್ನು ಅವರಿಗೇ ಬಿಟ್ಟು ನೋಡಿ. ದುಂಡಗಿರುವ, ಒಂಟಿಯಾಗಿರುವ, ಚೆನ್ನಾಗಿ ಕಾಣುವ ಕಣಗಳನ್ನೇ ಆರಿಸುತ್ತಾರೆ. ಇನ್ನೊಬ್ಬರಿಗೆ ಅದೇ ಚಿತ್ರ ಕೊಟ್ಟು 'ಚೌಕದೊಳಗೆ ಬಿದ್ದದ್ದೆಲ್ಲ ಅಳೆ' ಅನ್ನಿ. ಎರಡು ಹಿಸ್ಟೋಗ್ರಾಮ್ ಪಕ್ಕಪಕ್ಕ ಇಟ್ಟರೆ ಆಯ್ಕೆ ಅಂದರೆ ಏನು, ಅದು ಅಂಕಿಯನ್ನು ಹೇಗೆ ತಿರುಗಿಸುತ್ತದೆ ಅನ್ನುವುದು ಭಾಷಣವಿಲ್ಲದೆ ತಿಳಿಯುತ್ತದೆ.

ಇನ್ನೊಂದು ಲೆಕ್ಕ ಮಕ್ಕಳಿಗೆ ಬಹಳ ಇಷ್ಟ. ಚಿನ್ನದಲ್ಲಿ ಒಂದು ಘನ ನ್ಯಾನೋಮೀಟರಿಗೆ 59 ಪರಮಾಣು. 13 ನ್ಯಾನೋಮೀಟರ್ ಗುಂಡಿನ ಗಾತ್ರ ಸುಮಾರು 1150 ಘನ ನ್ಯಾನೋಮೀಟರ್. ಅಂದರೆ ಒಂದು ಕಣದಲ್ಲಿ ಸುಮಾರು 68 ಸಾವಿರ ಪರಮಾಣು. ಹಾಕಿದ ಚಿನ್ನ ಎಷ್ಟು ಅಂತ ಗೊತ್ತು, ಹಾಗಾದರೆ ಫ್ಲಾಸ್ಕಿನಲ್ಲಿ ಎಷ್ಟು ಕಣ? ಮೋಲ್ ಲೆಕ್ಕವನ್ನು ಪಿಯುಸಿಯಿಂದ ಬಾಯಿಪಾಠ ಮಾಡಿಕೊಂಡು ಬಂದವರಿಗೆ ಇಲ್ಲಿ ಅದು ಮೊದಲ ಸಲ ಉಪಯೋಗಕ್ಕೆ ಬರುತ್ತದೆ. ಸರಾಸರಿ ವ್ಯಾಸದಲ್ಲಿ 10 ಶೇಕಡ ತಪ್ಪಾದರೆ ಕಣಗಳ ಸಂಖ್ಯೆಯಲ್ಲಿ ಎಷ್ಟು ತಪ್ಪಾಗುತ್ತದೆ ಅಂತಲೂ ಕೇಳಿ. ಗಾತ್ರ ವ್ಯಾಸದ ಘನದ ಲೆಕ್ಕದಲ್ಲಿ ಬರುವುದರಿಂದ ತಪ್ಪು ಹತ್ತಿರ ಹತ್ತಿರ ಮೂರು ಪಟ್ಟು. ಆಗ 200 ಕಣ ಯಾಕೆ ಅಂತ ಯಾರೂ ಕೇಳುವುದಿಲ್ಲ.

ಸೆಮ್‌ಗೆ ಏನು ಕಳಿಸುವುದು? ನೀರಿನ ಗಡಸುತನವನ್ನು ಇಡಿಟಿಎ ಟೈಟ್ರೇಶನ್‌ನಲ್ಲಿ ಮಾಡಿಸುತ್ತೀರಲ್ಲ. ಅದೇ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆ ಅಥವಾ ಗೀಸರಿನ ಕಾಯಿಲ್ ಮೇಲೆ ಕಟ್ಟಿದ ಬಿಳಿ ಪದರ ಕೆರೆದು ತರಲು ಹೇಳಿ. ಮನೆಯಿಂದ ತಂದ ಸ್ಯಾಂಪಲ್! ಜೊತೆಗೆ ಲ್ಯಾಬಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಸೋಡಿಯಂ ಕಾರ್ಬೊನೇಟ್ ಸೇರಿಸಿ ಒಂದು ತಣ್ಣೀರಿನಲ್ಲಿ, ಒಂದು ಬಿಸಿ ನೀರಿನಲ್ಲಿ ಕಾರ್ಬೊನೇಟ್ ಮಾಡಿಸಿ. ತಣ್ಣೀರಿನದರಲ್ಲಿ ಸಾಮಾನ್ಯವಾಗಿ ಕ್ಯಾಲ್ಸೈಟ್‌ನ ಓರೆ ಘನಗಳು, ಬಿಸಿಯದರಲ್ಲಿ ಅರಾಗೋನೈಟ್‌ನ ಸೂಜಿಗಳು. ರಾಸಾಯನಿಕ ಸೂತ್ರ ಒಂದೇ, ರೂಪ ಬೇರೆ. ಸಾಮಾನ್ಯ ಮೈಕ್ರೋಸ್ಕೋಪಿನಲ್ಲೂ ಸೂಜಿ ಮತ್ತು ಘನದ ಗುರುತು ಸಿಗುತ್ತದೆ, ಸೆಮ್‌ನಲ್ಲಿ ಮುಖಗಳು ಕಾಣುತ್ತವೆ. ಮನೆಯ ಪಾತ್ರೆಯ ಪದರ ಯಾವುದಕ್ಕೆ ಹೋಲುತ್ತದೆ? ಅದನ್ನು ಅವರೇ ಹೇಳಬೇಕು. ಸೆಮ್ ಸ್ಯಾಂಪಲ್ ಪೂರ್ತಿ ಒಣಗಿರಬೇಕು, ಕಾರ್ಬನ್ ಟೇಪಿಗೆ ಸರಿಯಾಗಿ ಅಂಟಿರಬೇಕು. ಕಾರ್ಬೊನೇಟ್ ವಿದ್ಯುತ್ ಹರಿಸುವುದಿಲ್ಲ, ಆದ್ದರಿಂದ ಕೆಲವು ನ್ಯಾನೋಮೀಟರ್ ದಪ್ಪ ಚಿನ್ನ ಲೇಪಿಸುತ್ತಾರೆ. ಲೇಪಿಸದೇ ಒಂದು ಚಿತ್ರ ತೆಗೆದುಕೊಡಿ ಅಂತ ಆಪರೇಟರನ್ನು ಕೇಳಿಕೊಳ್ಳಿ. ಎಲೆಕ್ಟ್ರಾನ್ ಸೇರಿಕೊಂಡು ಚಿತ್ರ ಬೆಳ್ಳಗೆ ಮಿಂಚುತ್ತದೆ, ಅಲುಗಾಡುತ್ತದೆ. ಆ ಕೆಟ್ಟ ಚಿತ್ರ ಪಾಠಕ್ಕೆ ಬಹಳ ಒಳ್ಳೆಯದು.

ಅನುದಾನ ಬಂದೇ ಬಂದರೆ, ನಾನಾಗಿದ್ದರೆ ಸೆಮ್ ಬದಲು ಪಾಠಕ್ಕಂತಲೇ ಮಾಡಿದ ಪುಟ್ಟ ಎಸ್‌ಟಿಎಂ (ಚೂಪು ತುದಿಯನ್ನು ಮೇಲ್ಮೈಗೆ ತೀರಾ ಹತ್ತಿರ ತಂದು, ನಡುವಿನ ಸಂದು ದಾಟಿ ಹರಿಯುವ ಟನಲಿಂಗ್ ಕರೆಂಟಿನಿಂದ ಚಿತ್ರ ಮಾಡುವ ಮೈಕ್ರೋಸ್ಕೋಪು) ತರಿಸುತ್ತಿದ್ದೆ. ಸ್ವಿಟ್ಜರ್‌ಲೆಂಡಿನ ನ್ಯಾನೋಸರ್ಫ್‌ನವರದ್ದು ಹೆಸರಾಗಿದೆ. ವ್ಯಾಕ್ಯೂಮ್ ಬೇಡ, ಫಿಲಮೆಂಟ್ ಇಲ್ಲ, ಟೇಬಲ್ ಮೇಲೆ ಇಟ್ಟು ಗಾಳಿಯಲ್ಲೇ ಪರಮಾಣು ನೋಡಬಹುದು. 1981ರಲ್ಲಿ ಬಿನ್ನಿಗ್ ಮತ್ತು ರೋರರ್ ಜ್ಯೂರಿಕ್ ಹತ್ತಿರದ ಐಬಿಎಂ ಲ್ಯಾಬಿನಲ್ಲಿ ಮಾಡಿದ್ದು, 1986ರಲ್ಲೇ ನೊಬೆಲ್ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಇದರ ಮುಖ್ಯ ಭಾಗವನ್ನು ಮಕ್ಕಳೇ ತಮ್ಮ ಕೈಯಿಂದ ಮಾಡುತ್ತಾರೆ.

ಅದು ತುದಿ. ಕಾಲು ಮಿಲಿಮೀಟರ್ ದಪ್ಪದ ಪ್ಲಾಟಿನಂ–ಇರಿಡಿಯಂ ತಂತಿ. ಒಂದು ಕೈಯಲ್ಲಿ ಇಕ್ಕಳದಿಂದ ಹಿಡಿದು, ಇನ್ನೊಂದು ಕೈಯಲ್ಲಿ ಕಟರನ್ನು ಆದಷ್ಟು ಓರೆಯಾಗಿ ಇಟ್ಟು, ಕತ್ತರಿಸುತ್ತಲೇ ಎಳೆಯಬೇಕು. ಪೂರ್ತಿ ಕತ್ತರಿಸಬಾರದು, ಕೊನೆಯಲ್ಲಿ ಹರಿಯಬೇಕು. ಹರಿದ ತುದಿಯಲ್ಲಿ ಎಲ್ಲೋ ಒಂದು ಪರಮಾಣು ಉಳಿದವಕ್ಕಿಂತ ಮುಂದೆ ಚಾಚಿಕೊಂಡಿರುತ್ತದೆ, ಕೆಲಸ ಮಾಡುವುದು ಅದೊಂದೇ. ಯಾಕಂದರೆ ದೂರ 0.1 ನ್ಯಾನೋಮೀಟರ್ ಹೆಚ್ಚಿದರೆ ಟನಲಿಂಗ್ ಕರೆಂಟು ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ತುದಿಗೆ ಬೆರಳು ತಾಗಿದರೆ ಮತ್ತೆ ಮೊದಲಿಂದ. ನನ್ನ ಲ್ಯಾಬಿಗೆ ಬಂದ ಮಕ್ಕಳಲ್ಲಿ ಮೂರನೇ, ನಾಲ್ಕನೇ ಸಲಕ್ಕೆ ತುದಿ ಸರಿಯಾಗಿ ಬಂದವರೇ ಜಾಸ್ತಿ. ಟೈಲರಿಂಗ್ ಗೊತ್ತಿದ್ದ ಒಬ್ಬ ಹುಡುಗಿ ಮಾತ್ರ ಮೊದಲ ಸಲಕ್ಕೇ ಮಾಡಿದಳು, ಆಮೇಲೆ ಇಡೀ ಬ್ಯಾಚ್ ಅವಳ ಹತ್ತಿರ ಕಲಿಯಿತು.

ಸ್ಯಾಂಪಲ್ ಗ್ರಾಫೈಟ್. ಸೆಲ್ಲೊಟೇಪ್ ಅಂಟಿಸಿ ಕಿತ್ತರೆ ಹೊಸ ಮುಖ ಸಿದ್ಧ. ಫ್ಯಾನ್ ಆಫ್ ಮಾಡಿ, ಯಾರೂ ಓಡಾಡಬೇಡಿ ಅನ್ನಿ. ಪರದೆಯ ಮೇಲೆ ಚುಕ್ಕಿಗಳ ಸಾಲು ಮೂಡಿದಾಗ ರೂಮು ತಾನಾಗೇ ಸುಮ್ಮನಾಗುತ್ತದೆ.

ಆಮೇಲೆ ಅಳೆಸಿ. ಪುಸ್ತಕದಲ್ಲಿ ಗ್ರಾಫೈಟಿನ ಕಾರ್ಬನ್–ಕಾರ್ಬನ್ ಬಾಂಡ್ 0.142 ನ್ಯಾನೋಮೀಟರ್. ಮಕ್ಕಳಿಗೆ ಬರುವುದು 0.25ರ ಹತ್ತಿರ. ಷಡ್ಭುಜ ಕಾಣಬೇಕಿತ್ತು, ಕಾಣುವುದು ತ್ರಿಕೋನದ ಜೋಡಣೆ. ಉಪಕರಣ ಕೆಟ್ಟಿದೆ ಅನ್ನುತ್ತಾರೆ, ಪುಸ್ತಕ ತಪ್ಪು ಅನ್ನುತ್ತಾರೆ. ದಯವಿಟ್ಟು ತಕ್ಷಣ ಉತ್ತರ ಹೇಳಬೇಡಿ, ಒಂದು ವಾರ ಬಿಡಿ. ಬಾಲ್ ಅಂಡ್ ಸ್ಟಿಕ್ ಮಾಡೆಲ್ ಕೊಟ್ಟು ಎರಡು ಪದರ ಕಟ್ಟಿ ನೋಡಿ ಅನ್ನಿ. ಮೇಲಿನ ಪದರದ ಅರ್ಧ ಪರಮಾಣುಗಳ ಕೆಳಗೆ ನೇರವಾಗಿ ಇನ್ನೊಂದು ಪರಮಾಣು ಇದೆ, ಉಳಿದರ್ಧದ ಕೆಳಗೆ ಖಾಲಿ. ಎಸ್‌ಟಿಎಂ ನೋಡುವುದು ಪರಮಾಣುವನ್ನಲ್ಲ, ಆ ಶಕ್ತಿಮಟ್ಟದಲ್ಲಿ ಎಲೆಕ್ಟ್ರಾನ್ ಎಲ್ಲಿ ಸಿಗುತ್ತದೆ ಅನ್ನುವುದನ್ನು. ಎರಡು ಬಗೆಯ ಪರಮಾಣುಗಳಲ್ಲಿ ಒಂದು ಬಗೆ ಮಾತ್ರ ಎದ್ದು ಕಾಣುತ್ತದೆ, ಅವುಗಳ ನಡುವಿನ ದೂರ 0.246. ಮಕ್ಕಳು ಇದನ್ನು ತಾವಾಗೇ ಹಿಡಿದ ದಿನ ಕ್ವಾಂಟಮ್ ಅಧ್ಯಾಯ ಬೇರೆಯೇ ಆಗಿ ಕಾಣುತ್ತದೆ. ನನ್ನ ಇಷ್ಟು ವರ್ಷದ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಪ್ರಯೋಗ ನಾನು ಕಂಡಿಲ್ಲ.

ಎಎಫ್‌ಎಂ ಸಿಕ್ಕರೆ ಹಳೆಯ ಸಿಡಿ, ಡಿವಿಡಿ ಬಿಸಾಡಬೇಡಿ. ಸಿಡಿಯ ಸಾಲುಗಳ ನಡುವೆ 1.6 ಮೈಕ್ರಾನ್, ಡಿವಿಡಿಯಲ್ಲಿ 0.74. ಲೇಸರ್ ಪಾಯಿಂಟರಿನ ಡಿಫ್ರ್ಯಾಕ್ಷನ್‌ನಿಂದ ಮೊದಲು ಅಳೆದು, ಆಮೇಲೆ ಎಎಫ್‌ಎಂನಿಂದ ಅಳೆಸಿ. ಲೇಸರನ್ನು ಕಣ್ಣಿಗೆ ಬಿಡದ ಹಾಗೆ ನೋಡಿಕೊಳ್ಳಿ. ಎರಡು ದಾರಿಯಿಂದ ಒಂದೇ ಅಂಕಿ ಬಂದಾಗ ನಂಬಿಕೆ ಹುಟ್ಟುತ್ತದೆ. ಇನ್ನು ಚಿನ್ನದ ಕಣವನ್ನು ಎಎಫ್‌ಎಂನಲ್ಲಿ ಅಳೆಯುವಾಗ ಅಗಲ ನೋಡಬೇಡಿ, ಎತ್ತರ ನೋಡಿ. ತುದಿಯೇ ಸುಮಾರು 10 ನ್ಯಾನೋಮೀಟರ್ ಮೊಂಡಾಗಿರುವಾಗ 13ರ ಕಣದ ಅಗಲ 30 ದಾಟಿ ಕಾಣುತ್ತದೆ. ದಪ್ಪ ಗ್ಲೌಸ್ ಹಾಕಿಕೊಂಡು ಕಡಲೆಕಾಳು ಸವರಿದ ಹಾಗೆ. ಎತ್ತರ ಮಾತ್ರ ಸರಿಯಾಗಿ ಬರುತ್ತದೆ.

ಸೆಮ್, ಟೆಮ್ ಎಲ್ಲಿ ಮಾಡಿಸುವುದು? ಐ-ಸ್ಟೆಮ್ ಅಂತ ಕೇಂದ್ರ ಸರ್ಕಾರದ ಪೋರ್ಟಲ್ ಇದೆ, ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಅಂತ ಹುಡುಕಿ ಅಲ್ಲಿಂದಲೇ ಬುಕ್ ಮಾಡಬಹುದು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಸೈಫ್ ಕೇಂದ್ರಗಳೂ ಹೊರಗಿನವರ ಸ್ಯಾಂಪಲ್ ತೆಗೆದುಕೊಳ್ಳುತ್ತವೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಒಂದಿದೆ. ಬೆಂಗಳೂರಿನಲ್ಲಿ ಐಐಎಸ್‌ಸಿ ಇದ್ದೇ ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಸ್ಟಾರ್ ಕಾಲೇಜ್ ಯೋಜನೆ ಪದವಿ ಕಾಲೇಜುಗಳಿಗಾಗಿಯೇ ಇರುವುದು, ಅದನ್ನೂ ವಿಚಾರಿಸಿ. ಒಂದು ಸೆಮಿಸ್ಟರಿಗೆ ನಾಲ್ಕೈದು ಸ್ಯಾಂಪಲ್ ಸಾಕು. ಸಾಧ್ಯವಾದರೆ ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ, ಆಗದಿದ್ದರೆ ವಿಡಿಯೊ ಕಾಲ್‌ನಲ್ಲಿ ಆಪರೇಟರ್ ಪರದೆ ತೋರಿಸುವಂತೆ ಕೇಳಿಕೊಳ್ಳಿ, 'ಸ್ವಲ್ಪ ಎಡಕ್ಕೆ ಹೋಗಿ, ಅದನ್ನು ದೊಡ್ಡದು ಮಾಡಿ' ಅಂತ ಮಕ್ಕಳೇ ಹೇಳಲಿ. ಮತ್ತೆ, ಬರೀ ಜೆಪೆಗ್ ತೆಗೆದುಕೊಂಡು ಬರಬೇಡಿ. ಮೂಲ ಫೈಲುಗಳನ್ನು ಕೇಳಿ ತನ್ನಿ, ಚೆನ್ನಾಗಿ ಬರದ ಚಿತ್ರಗಳನ್ನೂ ತನ್ನಿ.

20 ಮಕ್ಕಳನ್ನು ಹೇಗೆ ನಿಭಾಯಿಸುವುದು ಅಂದರೆ, ಐದೈದರ ನಾಲ್ಕು ಗುಂಪು ಮಾಡಿ. ಒಂದು ಗುಂಪು ಸ್ಯಾಂಪಲ್ ಮಾಡುತ್ತಿರಲಿ, ಒಂದು ಮೈಕ್ರೋಸ್ಕೋಪಿನ ಹತ್ತಿರ, ಒಂದು ಕಂಪ್ಯೂಟರಿನಲ್ಲಿ ಹಿಂದಿನ ವಾರದ ಚಿತ್ರ ಅಳೆಯುತ್ತಿರಲಿ, ಇನ್ನೊಂದು ಬೇರೆ ಗುಂಪಿನ ರೆಕಾರ್ಡ್ ಓದಿ ಪ್ರಶ್ನೆ ಬರೆಯಲಿ. ವಾರಕ್ಕೊಮ್ಮೆ ತಿರುಗಿಸಿ. ಮೊದಲ ಎರಡು ವಾರ ಗಲಾಟೆ ಇರುತ್ತದೆ, ಮೂರನೇ ವಾರಕ್ಕೆ ಸರಿಹೋಗುತ್ತದೆ.

ಕೊನೆಗೆ ಅಂಕ. ಚಂದದ ಚಿತ್ರಕ್ಕೆ ಅಂಕ ಕೊಡಲೇಬೇಡಿ. ಕೊಟ್ಟರೆ ಕೆಟ್ಟ ಚಿತ್ರಗಳನ್ನು ಅಳಿಸಿಹಾಕುತ್ತಾರೆ. ತೆಗೆದ ಪ್ರತಿ ಚಿತ್ರವೂ ರೆಕಾರ್ಡಿನಲ್ಲಿ ಇರಬೇಕು, ಬೇಡ ಅಂತ ಬಿಟ್ಟದ್ದಕ್ಕೆ ಕಾರಣ ಬರೆದಿರಬೇಕು. ನಾನು ಅರ್ಧ ಅಂಕ ಅದಕ್ಕೇ ಇಡುತ್ತೇನೆ. ಉಳಿದರ್ಧ ವೈವಾದಲ್ಲಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಚಿತ್ರ ಕೊಡುತ್ತೇನೆ, ಕೆಲವದರಲ್ಲಿ ಅಳತೆಯ ಗೆರೆ ಕತ್ತರಿಸಿರುತ್ತೇನೆ, ಕೆಲವದರಲ್ಲಿ ಘನಾಕೃತಿಯ ಹರಳುಗಳಿರುತ್ತವೆ. ಕೇಳುವುದು ಎರಡೇ ಪ್ರಶ್ನೆ. ಇದರ ಗಾತ್ರ ಎಷ್ಟು? ಇದು ಉಪ್ಪಲ್ಲ ಅಂತ ಹೇಗೆ ತೋರಿಸುತ್ತೀಯ? ಗೆರೆ ಇಲ್ಲದ ಚಿತ್ರ ಸಿಕ್ಕವರು 'ಇದರಲ್ಲಿ ಅಳೆಯೋಕೆ ಆಗಲ್ಲ ಮೇಡಂ, ಮೂಲ ಫೈಲ್ ಕೊಡಿ' ಎಂದರೆ ಪೂರ್ತಿ ಅಂಕ ಕೊಟ್ಟುಬಿಡಿ.